ಬಿದಿರಮ್ಮನ ಬಾಗದ ಸಂಖ್ಯೆ

ಲೋಕ ಇನ್ನೂ ಹೊಸತು. ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕುತ್ತಿದ್ದ ಕಾಲ. ಆಗ ಇಡೀ ಕಾಡಿಗೆ ಇದ್ದದ್ದು ಒಂದೇ ಒಂದು ಬಿದಿರ ಮೆಳೆ. ಅವಳೇ ಬಿದಿರಮ್ಮ.

ಬಿದಿರು ಹೂಬಿಡುವುದು ಬಾಳಿಗೆ ಒಂದೇ ಸಲ. ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಒಣಗಿಹೋಗುತ್ತದೆ. ಬಿದಿರಮ್ಮನ ತಾಯಿಯೂ ಹಾಗೇ ಹೋದಳು. ಅವಳು ಉದುರಿಸಿದ ಅಕ್ಕಿಯನ್ನು ಪ್ರಾಣಿಗಳೆಲ್ಲ ಸೇರಿ ಮುಕ್ಕಿದವು. ಕಲ್ಲಿನ ಸಂದಿಗೆ ಬಿದ್ದ ಒಂದೇ ಕಾಳು ಉಳಿಯಿತು. ಆ ಕಾಳೇ ಇವಳು.

ರುಚಿ ಹತ್ತಿದ ಮೇಲೆ ಕೇಳಬೇಕೆ? ಅವತ್ತಿನಿಂದಲೇ ತಿರುಗಾಟ ಶುರುವಾಯಿತು. ಇಲಿ ಎರಡು ತಿಂಗಳಿಗೊಮ್ಮೆ ಬರುವುದು, ಮುಳ್ಳುಹಂದಿ ಮೂರು ತಿಂಗಳಿಗೊಮ್ಮೆ. ಅಳಿಲು ನಾಲ್ಕಕ್ಕೆ, ಕಾಡುಕೋಳಿ ಐದಕ್ಕೆ, ಕಾಡುಹಂದಿ ಆರಕ್ಕೆ, ಪಾರಿವಾಳ ಏಳಕ್ಕೆ. ಸೋಮಾರಿ ಕರಡಿ ಮಾತ್ರ ಎಂಟಕ್ಕೆ. "ಏನಮ್ಮಾ, ಹೂ ಬಂತಾ?" ಅಂತ ಕೇಳುವುದು, ಇಲ್ಲ ಅಂದರೆ ಮುಂದಕ್ಕೆ ಹೋಗುವುದು. ನಾಚಿಕೆ ಅನ್ನುವುದು ಒಬ್ಬರಿಗೂ ಇರಲಿಲ್ಲ.

"ನಾನು ಎಂಟುನೂರ ನಲವತ್ತನೇ ತಿಂಗಳಿಗೆ ಹೂಬಿಡ್ತೀನಿ," ಎಂದಳು ಬಿದಿರಮ್ಮ, ಪಕ್ಕದ ಹೊಳೆಗೆ. "ಎಷ್ಟು ದೊಡ್ಡ ಸಂಖ್ಯೆ ನೋಡು. ಅಷ್ಟೊತ್ತಿಗೆ ಇವರ ಕಾಲೆಲ್ಲ ಸೋತಿರುತ್ತೆ."

"ದೊಡ್ಡದೇನೋ ಹೌದು ಮಗಳೇ," ಅಂದಳು ಹೊಳೆಯಮ್ಮ. "ಒಂದ್ಸಲ ಭಾಗಿಸಿ ನೋಡು."

ಬಿದಿರಮ್ಮ ತನ್ನ ಗೆಣ್ಣುಗಳನ್ನು ಎಣಿಸುತ್ತಾ ಭಾಗಿಸಿದಳು. ಎರಡರಿಂದ ಸರಿಯಾಗಿ ಹೋಯಿತು. ಮೂರರಿಂದಲೂ ಹೋಯಿತು. ನಾಲ್ಕು, ಐದು, ಆರು, ಏಳು, ಎಂಟು, ಯಾವುದರಿಂದ ಭಾಗಿಸಿದರೂ ಚೂರೂ ಉಳಿಯಲಿಲ್ಲ. ಆ ತಿಂಗಳು ಏಳೂ ಜನ ಒಟ್ಟಿಗೇ ಬಂದು ಕೂರುತ್ತಾರೆ! ಈ ಸಲ ಒಂದು ಕಾಳೂ ಉಳಿಯದಿದ್ದರೆ ಲೋಕದಲ್ಲಿ ಬಿದಿರೇ ಇರುವುದಿಲ್ಲ.

"ಇನ್ನೂ ದೊಡ್ಡದು ಹುಡುಕಲಾ?"

"ದೊಡ್ಡದಾದರೆ ಸಾಲದು. ಯಾರ ಸರದಿಗೂ ಸಿಗದ್ದು ಬೇಕು."

ಬಿದಿರಮ್ಮ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಳು. ಕೊನೆಗೆ ಒಂದೇ ಒಂದನ್ನು ಕಳೆದು ನೋಡಿದಳು. ಎಂಟುನೂರ ಮೂವತ್ತೊಂಬತ್ತು. ಎರಡೆರಡಾಗಿ ಜೋಡಿಸಿದರೆ ಕೊನೆಗೆ ಒಂದು ಸಾಲದು. ಮೂರುಮೂರಾಗಿ ಜೋಡಿಸಿದರೂ ಒಂದು ಸಾಲದು. ಎಂಟರವರೆಗೂ ಇದೇ ಕಥೆ, ಒಂದು ಸಾಲದು. ಹಠ ಹಿಡಿದು ಹನ್ನೊಂದು, ಹದಿಮೂರು, ಹದಿನೇಳು ಅಂತ ಮುಂದೆ ಹೋದಳು. ಆ ಸಂಖ್ಯೆ ಜಪ್ಪಯ್ಯ ಅನ್ನಲಿಲ್ಲ.

"ನಾನಾದರೂ ಗಾಳಿಗೆ ಬಾಗ್ತೀನಿ," ಎಂದಳು ಬಿದಿರಮ್ಮ. "ಇದು ಯಾರಿಗೂ ಬಾಗಲ್ಲ. ಇದೇ ನನ್ನ ಸಂಖ್ಯೆ."

ಆ ತಿಂಗಳು ಬಂತು. ಇಲಿಯ ಸರದಿಯಲ್ಲ, ಕರಡಿಯ ಸರದಿಯೂ ಅಲ್ಲ. ಬಿದಿರಮ್ಮ ಮೈತುಂಬ ಹೂಬಿಟ್ಟು, ಅಕ್ಕಿ ಸುರಿದಳು. ಹೊಳೆಯಮ್ಮ ದಡ ಮೀರಿ ಬಂದು ನೆಲವನ್ನು ನೆನೆಸಿದಳು. ಕಾಳೆಲ್ಲ ಮೊಳೆಯಿತು.

ಮುಂದಿನ ತಿಂಗಳು ಏಳೂ ಜನ ಬಾಯಿ ಚಪ್ಪರಿಸುತ್ತಾ ಬಂದರು.

"ಅಕ್ಕಿ ಎಲ್ಲಮ್ಮಾ?" ಅಂತು ಇಲಿ.

ಕಣ್ಣು ಹಾಯಿಸಿದಷ್ಟೂ ಹಸಿರು. ಅಕ್ಕಿಯ ಆಸೆಗೆ ಬಂದವರು ಹುಲ್ಲಿನಂಥ ಆ ಮೊಳಕೆಗಳಿಗೆ ಬಾಯಿ ಹಾಕಲಿಲ್ಲ. ಬಿದಿರಮ್ಮ ಅಷ್ಟರಲ್ಲಿ ಬುಡದವರೆಗೂ ಒಣಗಿದ್ದಳು. ಆದರೂ ಅವಳಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ಅಕ್ಕಿ ಇಲ್ಲಪ್ಪ," ಎಂದಳು. "ಇವರೆಲ್ಲ ನನ್ನ ಮಕ್ಕಳು."

ಒಂದೇ ಹೊತ್ತಿಗೆ ಹುಟ್ಟಿದ ಆ ಮಕ್ಕಳಿಗೆಲ್ಲ ತಾಯಿಯ ಲೆಕ್ಕವೇ ಬಂತು. ಅದಕ್ಕೇ ನೋಡಿ, ಇವತ್ತಿಗೂ ಕಾಡಿನ ಬಿದಿರು ಎಷ್ಟೋ ವರ್ಷ ಸುಮ್ಮನಿದ್ದು, ಯಾರಿಗೂ ಹೇಳದೆ, ಎಲ್ಲ ಒಟ್ಟಿಗೇ ಹೂಬಿಡುತ್ತದೆ. ಆಮೇಲೆ ಒಣಗಿಹೋದರೂ ಮಕ್ಕಳ ನಡುವೆ ನೆಟ್ಟಗೆ ನಿಂತೇ ಇರುತ್ತದೆ.