ತುಂಡುಗೀಟಿನ ಸಂದು

ಕಾಣದ ಬಿರುಕಿಗೆ ಗೀಟೆಳೆದವನು ಯಾರು? ತಲೆ ಕೆರೆದುಕೊಳ್ಳಬೇಡಿ, ಹೊಳೆಯೋದಿಲ್ಲ. ಭೂವಿಜ್ಞಾನಿಯ ನಕ್ಷೆ!

ಹಿಂದೆಂದೋ ಖಂಡ ಸೀಳಿ ಕಡಲು ನುಗ್ಗಿದ ಅಂಚಿನ ಗುಡ್ಡ. ಬಸುರಿ ಮುಳ್ಳುಹಂದಿಯೊಂದು ಬಿಲಕ್ಕೆ ಗಟ್ಟಿ ನೆಲ ಹುಡುಕುತ್ತ, ಬಂಡೆ ಮೇಲೆ ಹರಡಿದ್ದ ನಕ್ಷೆಯನ್ನು ಕೇಳಿತು: "ನಕ್ಷೆರಾಯರೇ, ಬಿರುಕು ಎಲ್ಲಿದೆ?"

"ಈ ತುಂಡು ತುಂಡು ಗೀಟಿನ ಗುಂಟ, ತಾಯಿ."

"ತುಂಡುಗಳ ನಡುವೆ ಖಾಲಿ ಇದೆಯಲ್ಲ, ಅಲ್ಲಿ ನೆಲ ಗಟ್ಟಿ ಅಂತಾಯ್ತು!"

ಮಣ್ಣಿನಡಿಯ ಬಿರುಕು ಕಣ್ಣಿಗೆ ಬೀಳದಿದ್ದಾಗ ಅಂದಾಜಿನ ಮೇಲೆ ಎಳೆಯುವ ಗೀಟು ಅದು; ಸಂದಿನಲ್ಲೂ ಬಿರುಕೇ. "ನಂಗೂ ಸರಿಯಾಗಿ ಗೊತ್ತಿಲ್ಲ" ಅನ್ನಲು ನಕ್ಷೆರಾಯರಿಗೆ ಮಾನ ಅಡ್ಡ ಬಂತು. "ಜಾಣೆ ಕಣಮ್ಮ ನೀನು" ಅಂದರು.

ಮುಳ್ಳುಹಂದಿ ಆ ಸಂದಿನಲ್ಲೇ ಬಿಲ ತೋಡಿ ಮರಿ ಹಾಕಿತು. ಮೊದಲ ಮಳೆಗೇ ಗುಡ್ಡ ಬಿರುಕಿನುದ್ದಕ್ಕೂ ಜಾರಿತು. ತಾಯಿ ಮರಿಗಳನ್ನು ಕಚ್ಚಿಕೊಂಡು ಹೊರಗೆ ಬಂತು.

ಹೊರಗೆ ಬಂತು ಅಂದೆನಲ್ಲ, ಅದು ನಾನು ಕಟ್ಟಿ ಹೇಳಿದ್ದು. ಆ ಬಿಲದಿಂದ ಯಾರೂ ಹೊರಗೆ ಬರಲಿಲ್ಲ.