ಎಡಚಪ್ಪನ ಗುಡಿ

ನಮ್ಮೂರ ಕೆರೆಯ ಏರಿಯ ಮೇಲೆ, ಕೋಡಿಗೆ ಸ್ವಲ್ಪ ಈಚೆ, ಆಳೆತ್ತರದ ಒಂದು ಕಲ್ಲುಗುಡಿಯಿದೆ. ಒಳಗಿರುವುದು ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ದನಗಳ್ಳರೊಡನೆ ಕಾದಾಡುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಇಂಥವು ನಮ್ಮ ಸೀಮೆಯಲ್ಲಿ ಹೆಜ್ಜೆಗೊಂದಿವೆ. ಆದರೆ ಈ ವೀರನ ಕತ್ತಿ ಎಡಗೈಯಲ್ಲಿದೆ. ಗುಡಿಗೂ ಕೆರೆಗೂ ಎಡಚಪ್ಪನ ಹೆಸರು ಬಂದದ್ದು ಅದರಿಂದ. ಪಟ್ಟಣದ ವಿದ್ವಾಂಸರು ಬಂದು ಒದ್ದೆ ಕಾಗದ ಹೊದಿಸಿ, ಮಸಿ ತಟ್ಟಿ, ಕಲ್ಲಿನ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಕೆತ್ತಿದವನಿಗೆ ಕೈ ಪಳಗಿರಲಿಲ್ಲವೆಂದು ಅವರಲ್ಲೊಬ್ಬರು ಬರೆದೂಬಿಟ್ಟರು. ಊರವರನ್ನು ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಇಲ್ಲಿ ಕೆರೆಯೇ ಇರಲಿಲ್ಲ. ಹಳ್ಳ ಹರಿಯುವ ಬಯಲಿತ್ತು. ಊರ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಮಾಳಿಗನೆಂಬವನು ಅಲ್ಲೇ ಮಡಿದ. ದೂರದ ಊರಿನ ಕೇತೋಜನೆಂಬ ಕಲ್ಲುಕುಟಿಗ, ಮಾಳಿಗನ ಮುಖವನ್ನೇ ಕಂಡಿರದವನು, ಅವನಿಗೊಂದು ವೀರಗಲ್ಲು ಕೆತ್ತಿ ನೆಟ್ಟುಹೋದ. ಮಾಳಿಗನ ಹೆಂಡತಿ ಕಂಚವ್ವ ಇಪ್ಪತ್ತು ವರ್ಷ ಆ ಕಲ್ಲಿಗೆ ದೀಪ ಹಚ್ಚಿದಳು. ಆಮೇಲೆ ಪಾಳೆಯಗಾರ ಹಳ್ಳಕ್ಕೆ ಏರಿ ಕಟ್ಟಿಸಿದ. ನೆಟ್ಟ ವೀರಗಲ್ಲನ್ನು ಕೀಳುವಂತಿಲ್ಲ, ಕಿತ್ತರೆ ಸತ್ತವನು ನೆಲೆ ತಪ್ಪುತ್ತಾನೆಂಬುದು ಆಗಿನವರ ನಂಬಿಕೆ. ಹಾಗಾಗಿ ಹಳೆಯದನ್ನು ನೀರಿಗೆ ಬಿಟ್ಟು, ಅದರಂತೆಯೇ ಇನ್ನೊಂದನ್ನು ಏರಿಯ ಮೇಲೆ ನೆಡಬೇಕೆಂದು ಹಿರಿಯರು ತೀರ್ಮಾನಿಸಿದರು. ಕೇತೋಜ ಅಷ್ಟರಲ್ಲಿ ತೀರಿಹೋಗಿದ್ದ. ಅವನ ಮಗ ಮಲ್ಲೋಜ ಬರುವ ಮೊದಲೇ ಮಳೆ ಹಿಡಿದು ಹಳ್ಳ ತುಂಬತೊಡಗಿತು. ಕಂಚವ್ವನಿಗೆ ದಿಕ್ಕು ತೋಚಲಿಲ್ಲ. ಗಂಡನದೆಂದು ಈ ಲೋಕದಲ್ಲಿ ಉಳಿದಿದ್ದ ಗುರುತು ಅದೊಂದೇ.

ಅವಳ ತವರು ಬಟ್ಟೆಗೆ ಬಣ್ಣದಚ್ಚು ಒತ್ತುವವರ ಮನೆ. ಮೊಣಕಾಲುದ್ದ ನೀರಿನಲ್ಲಿ ನಿಂತು, ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ಕಲ್ಲಿಗೆ ಬಳಿದಳು. ತನ್ನ ಬಿಳಿ ಸೀರೆ ಹೊದಿಸಿ ಅಂಗೈಯಿಂದ ಒತ್ತಿದಳು. ತವರಿನಲ್ಲಿ ಮರದಚ್ಚಿಗೆ ಬಣ್ಣ ಹಚ್ಚಿ ಒತ್ತುತ್ತಿದ್ದದ್ದೂ ಹೀಗೆಯೇ. ಅಲ್ಲಿ ಒತ್ತುತ್ತಿದ್ದದ್ದು ಹೂಬಳ್ಳಿ. ಹೂವಿಗೆ ಎಡವೇನು, ಬಲವೇನು! ಚಿತ್ರ ತಿರುಗಿ ಮೂಡುತ್ತದೆಂಬುದು ಪಾಪ, ಅವಳ ಗಮನಕ್ಕೇ ಬರಲಿಲ್ಲ. ಮೂರು ದಿನದಲ್ಲಿ ಕಲ್ಲು ಮುಳುಗಿತು. ಮಲ್ಲೋಜ ಬಂದು, ಸೀರೆಯಲ್ಲಿದ್ದ ಅಪ್ಪನ ಕೆತ್ತನೆಯನ್ನು ನೋಡಿ ಕಣ್ಣೊರೆಸಿಕೊಂಡು, ಒಂದು ಗೆರೆಯೂ ತಪ್ಪದಂತೆ ಹೊಸ ಕಲ್ಲಿಗೆ ಇಳಿಸಿದನೆನ್ನುತ್ತಾರೆ.

ನೆಡುವ ದಿನ ಊರೆಲ್ಲ ಸೇರಿತು. ಕತ್ತಿ ಎಡಗೈಯಲ್ಲಿರುವುದನ್ನು ಕಂಡ ಹಿರಿಯರು ಇದು ಅಪಶಕುನವೆಂದರು, ಒಡೆದುಹಾಕೆಂದರು. ಮಲ್ಲೋಜ ನಾಚಿಕೆಯಿಂದ ತಾನೇ ಸುತ್ತಿಗೆ ಎತ್ತಿದ. ಕಂಚವ್ವ ಅಡ್ಡ ಬಂದು ಕಲ್ಲನ್ನು ತಬ್ಬಿಕೊಂಡಳು. ಅಷ್ಟು ವರ್ಷ ಯಾರೆದುರೂ ಬಾಯಿ ಬಿಡದಿದ್ದವಳು ಅಂದು ಹೇಳಿದಳು:

"ಅವರು ಎಡಚರೇ ಇದ್ದರು. ಅಂದು ಕೇತೋಜ ಕತ್ತಿಯನ್ನು ಬಲಗೈಗೆ ಕೊಟ್ಟಾಗ, ಹೇಳಿದರೆ ನಗುತ್ತೀರೆಂದು ಸುಮ್ಮನಿದ್ದೆ. ಇಪ್ಪತ್ತು ವರ್ಷ ಬೇರೆ ಯಾರದೋ ಕಲ್ಲಿಗೆ ದೀಪ ಹಚ್ಚಿದ ಹಾಗಿತ್ತು. ಈಗ ಬಂದಿದ್ದಾರೆ. ಮುಟ್ಟಬೇಡಿ."

ಯಾರೂ ಮುಟ್ಟಲಿಲ್ಲ.

ಆ ಸೀರೆ ಈಗಿಲ್ಲ. ಅದರ ಅಂಗೈಯಗಲದ ಒಂದು ಚೂರನ್ನು ನಾನು ಚಿಕ್ಕವನಿದ್ದಾಗ ಪೂಜಾರಿಯ ಪೆಟ್ಟಿಗೆಯಲ್ಲಿ ನೋಡಿದ್ದೆ. ಹಸುವಿನ ಒಂದು ಕೊಂಬು, ಅರ್ಧ ಮುಖ ಅದರಲ್ಲಿತ್ತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಎಂಥ ವಸ್ತುವನ್ನು ಜಿರಲೆಗೆ ಕೊಟ್ಟೆವು ಎಂದು. ಗುಡಿಯ ಪದ್ಧತಿ ಮಾತ್ರ ತಪ್ಪಿಲ್ಲ. ಬಂದವರು ನೋಡಬಹುದು, ಬೇರೆಲ್ಲಿ ಮಾಡಿದರೂ ಬೈಸಿಕೊಳ್ಳುವ ಕೆಲಸವನ್ನು ಇಲ್ಲಿ ಎಲ್ಲರೂ ಮಾಡುತ್ತಾರೆ: ಹೂವನ್ನು ಎಡಗೈಯಿಂದ ಇಡುತ್ತಾರೆ. ಅಮ್ಮನ ತವರೂರಿನಲ್ಲಿದ್ದ ನಮ್ಮಜ್ಜಿ ಎಡಚಿ, ಉಣ್ಣುವಾಗ, ಬಡಿಸುವಾಗ ಜೀವಮಾನವೆಲ್ಲ ಆ ಕೈಗೆ ಏಟು ತಿಂದವಳು. ಸೋಮವಾರ ಸೋಮವಾರ ಎರಡು ಹರದಾರಿ ನಡೆದು ಬಂದು ಇಲ್ಲಿ ಹೂ ಇಡುತ್ತಿದ್ದಳು.