ವಾಸಿಯಾಯಿತೆಂದು ಬರೆಯದ ಊರು

"ಮುತ್ತಿನಕೋಟೆಯ ಸಮಸ್ತ ಪ್ರಜೆಗಳೂ ಕೇಳಿರಿ. ವೈದ್ಯಶಾಲೆಯ ಓಲೆಭಂಡಾರಕ್ಕೆ ಪಾರುಪತ್ಯಗಾರ ಬೇಕಾಗಿದ್ದಾನೆ. ರಾಜಕುಮಾರಿ ಹೊನ್ನಲದೇವಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಭಂಡಾರದ ಬೀಗದಕೈ, ಮೇಲೆ ಬೇಡಿದ ವರ. ತಪ್ಪಿದವನಿಗೆ ಹೊತ್ತು ಮುಳುಗುವುದರೊಳಗೆ ಶೂಲ."

ಡಂಗುರದವನು ಊರಬಾಗಿಲವರೆಗೆ ಬಂದು ಅಲ್ಲಿಂದಲೇ ಹಿಂದಿರುಗಿದ. ಬಾಗಿಲಾಚೆ ಮಾಳಿಂಗ ಒಬ್ಬನೇ ಇದ್ದದ್ದು, ಅವನನ್ನು ಯಾರೂ ಪ್ರಜೆಯೆಂದು ಎಣಿಸುತ್ತಿರಲಿಲ್ಲ.

ಆ ರಾಜ್ಯದ ಪದ್ಧತಿ ಹೀಗಿತ್ತು. ಯಾರಾದರೂ ಕಾಯಿಲೆ ಬಿದ್ದರೆ ವೈದ್ಯರು ಓಲೆ ಬರೆಯುತ್ತಿದ್ದರು. ಅಂಟುರೋಗವಾದರೆ ಅದರ ಪ್ರತಿ ಊರೂರ ಬಾಗಿಲಿಗೂ ಹೋಗುತ್ತಿತ್ತು. ಗುಣವಾದವರು ಮಾತ್ರ ವೈದ್ಯರ ಕಾಲಿಗೆ ಬಿದ್ದು, ತೆಂಗಿನಕಾಯಿ ಕೊಟ್ಟು ಸುಮ್ಮನೆ ನಡೆಯಬೇಕು. 'ವಾಸಿಯಾಯಿತು' ಎಂದು ಬರೆದರೆ ಕಣ್ಣೆಸರಾಗಿ, ಅಂದರೆ ದೃಷ್ಟಿ ತಾಗಿ, ಹೋದ ರೋಗ ಮರಳಿ ಬರುತ್ತದೆಂಬ ಭಯ. ಹಾಗಾಗಿ ಓಲೆಗಳನ್ನು ನಂಬುವುದಾದರೆ ಇಡೀ ರಾಜ್ಯದಲ್ಲಿ ಗಟ್ಟಿಮುಟ್ಟಾದ ಮನುಷ್ಯ ಒಬ್ಬನೂ ಇರಲಿಲ್ಲ. ಸತ್ತು ಮಣ್ಣಾದವರೂ ಅಲ್ಲಿ ಇನ್ನೂ ಕೆಮ್ಮುತ್ತಿದ್ದರು.

ಮಾಳಿಂಗನ ಮೈಮೇಲೆ ಎಂದೋ ಅಂಟುಹುಣ್ಣು ಎದ್ದಿತ್ತು. ಅದು ಮಾಯ್ದು ಎಷ್ಟೋ ಸುಗ್ಗಿ ಕಳೆದಿದ್ದರೂ ಯಾವ ಊರೂ ಅವನನ್ನು ಒಳಗೆ ಬಿಡಲಿಲ್ಲ. ಅವನು ಈಚಲು ಪೊರಕೆ ಕಟ್ಟಿ ಬಾಗಿಲ ಬಂಡೆಯ ಮೇಲಿಡುತ್ತಿದ್ದ. ಜನ ಪೊರಕೆ ಎತ್ತಿಕೊಂಡು ರಾಗಿ ಸುರಿದು ಹೋಗುತ್ತಿದ್ದರು. ಪೊರಕೆಗೆ ಮಾತ್ರ ಯಾವ ರೋಗವೂ ಅಂಟಿರಲಿಲ್ಲ ನೋಡಿ. ಮಾತಾಡಲು ಯಾರೂ ಇಲ್ಲದೆ ಅವನು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವುದಿತ್ತು.

ರಾಜಕುಮಾರಿಯ ಪಾಡೂ ಬೇರೆಯಲ್ಲ. ಚಿಕ್ಕಂದಿನಲ್ಲಿ ಅವಳಿಗೆ ಮೂರ್ಛೆ ಬರುತ್ತಿತ್ತು, ಆಮೇಲೆ ನಿಂತಿತು. ಅವಳ ಓಲೆ ಯಾರದೋ ಕೈಯಿಂದ ನೆರೆರಾಜ್ಯಗಳ ಸಂತೆ ಸೇರಿ, ಬಂದ ಸಂಬಂಧಗಳೆಲ್ಲ ಮುರಿದುಬಿದ್ದವು. ರಾಜ ಭಂಡಾರಕ್ಕೆ ಬೆಂಕಿ ಇಡಹೊರಟಾಗ ಅವಳೇ ತಡೆದಳು. ಓಲೆ ಸುಟ್ಟರೆ ನಾಳೆ ಯಾರಿಗೆ ಯಾವ ಮದ್ದು ಆಗದೆಂದು ವೈದ್ಯರಿಗೆ ತಿಳಿಯುವುದು ಹೇಗೆ? ಸುಡುವುದು ಬೇಡ, ಕಾಯಲು ತಕ್ಕವನನ್ನು ಹುಡುಕೋಣ ಎಂದಳು. ಶೂಲದ ಮಾತು ಮಾತ್ರ ರಾಜನದು.

ಮಾಳಿಂಗ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟ. ಶೂಲಕ್ಕೇರಿದರೂ ನಾಲ್ಕು ಜನರ ನಡುವೆ ಸಾಯಬಹುದಲ್ಲ ಎನಿಸಿತು. ಒಗಟು ಬಿಡಿಸಲು ಬಂದವರನ್ನು ತಡೆಯಕೂಡದೆಂದು ಅಪ್ಪಣೆಯಾಗಿದ್ದರಿಂದ ಕಾವಲುಗಾರ ಮೂಗು ಮುಚ್ಚಿಕೊಂಡು ದಾರಿ ಬಿಟ್ಟ.

ಸಭೆಯಲ್ಲಿ ರಾಜಕುಮಾರಿ ಕೇಳುತ್ತಿದ್ದಳು, "ಒಬ್ಬರ ಮೈಯಲ್ಲಿ ಹುಟ್ಟುತ್ತದೆ, ಇನ್ನೊಬ್ಬರ ಕೈಯಲ್ಲಿ ಬೆಳೆಯುತ್ತದೆ, ನೂರು ಮನೆಯಲ್ಲಿ ಓಡಾಡುತ್ತದೆ. ಅದು ಏನು? ಯಾರ ಮಗು?"

"ಹೇನು," ಎಂದ ಮಂತ್ರಿಯ ಅಳಿಯ ಗತ್ತಿನಿಂದ. ಅವನನ್ನು ಎಳೆದೊಯ್ದರು.

ವೈದ್ಯಶಾಲೆಯ ಹಿರಿಯ ಶಿಷ್ಯ ಮುಂದೆ ಬಂದ. "ರೋಗಿಯ ಸುದ್ದಿ, ದೇವಿ. ಅದನ್ನು ಓಲೆಗಿಳಿಸಿದವರು ನಾವು, ಆದ್ದರಿಂದ ಅದು ನಮ್ಮದು." ಸಭೆ ತಲೆದೂಗಿತು. ರಾಜಕುಮಾರಿ ಅಲ್ಲವೆಂದು ತಲೆಯಾಡಿಸಿದಳು, ಅವನನ್ನೂ ಎಳೆದೊಯ್ದರು.

ಮಾಳಿಂಗ ಮುಂದೆ ಬಂದಾಗ ಅವನ ಸುತ್ತ ರಾಗಿ ಒಕ್ಕುವ ಕಣದಷ್ಟು ಜಾಗ ಖಾಲಿಯಾಯಿತು. ಮಾತಿನ ರೂಢಿ ತಪ್ಪಿದ ದನಿಯನ್ನು ಕೆಮ್ಮಿ ಸರಿಮಾಡಿಕೊಂಡ.

"ಸುದ್ದಿ ಅನ್ನೋದು ಸರಿ ತಾಯಿ. ಆದ್ರೆ ಅದು ಕಾಯಿಲೆ ಬಿದ್ದೋನ ಮಗು. ವೈದ್ಯರು ಸಾಕೋ ದಾದಿ. ದಾದಿ ಹೆತ್ತೋರನ್ನ ಕೇಳ್ದೆ ಕೂಸನ್ನ ಸಂತೆಗೆ ಕಳಿಸ್ಬಾರ್ದು."

"ಎರಡನೆಯದು. ನೂರು ಜನ ಕಾದರೆ ಕಳೆದುಹೋಗುತ್ತದೆ, ಒಬ್ಬ ಕಾದರೆ ಉಳಿಯುತ್ತದೆ."

"ಅದು ಆ ಸುದ್ದಿ ಬರ್ದ ಓಲೆ. ನಂದು ತಿದ್ಸಿ ಅಂತ ಬಾಗಿಲಾಚೆಯಿಂದ್ಲೇ ಕೂಗಿ ಕೇಳಿದೀನಿ ತಾಯಿ. ವೈದ್ಯರು ಕರಣಿಕರನ್ನ ಕೇಳು ಅಂದ್ರು, ಕರಣಿಕರು ಬಾಗಿಲೋನನ್ನ ಕೇಳು ಅಂದ್ರು, ಬಾಗಿಲೋನು ವೈದ್ಯರನ್ನ ಕೇಳು ಅಂದ. ಎಲ್ಲರ ಕೈಲೂ ಇತ್ತು, ಹೊಣೆ ಯಾರದೂ ಅಲ್ಲ. ಇದು ಯಾರದು ಅಂತ ಕೇಳಿದ್ರೆ 'ನಂದು' ಅನ್ನೋಕೆ ಒಬ್ಬ ಬೇಕು."

ರಾಜಕುಮಾರಿ ಪೀಠದಿಂದ ಎದ್ದಳು. ಮೂರನೆಯದನ್ನು ಅವಳು ಮೆಲ್ಲಗೆ ಕೇಳಿದಳು. "ಮನುಷ್ಯ ಎದ್ದು ಹೋದ, ನೆರಳು ಹಾಸಿಗೆಯಲ್ಲೇ ಮಲಗಿದೆ. ಜನ ನೆರಳಿನ ಮಾತು ನಂಬಿ ಮನುಷ್ಯನಿಗೆ ಬಾಗಿಲು ಹಾಕುತ್ತಾರೆ. ಯಾವುದು ಆ ನೆರಳು?"

ಮಾಳಿಂಗ ತನ್ನ ಕೈಮೇಲಿನ ಹುಣ್ಣಿನ ಕಲೆ ಸವರುತ್ತ ನಿಂತ. ರಾಜ ಕಿಟಕಿಯಾಚೆ ಹೊತ್ತು ನೋಡಿದ, ಭಟರು ಎರಡು ಹೆಜ್ಜೆ ಮುಂದಿಟ್ಟರು.

"ವಾಸಿಯಾದೋನ ಹಳೇ ಓಲೆ," ಎಂದ ಕೊನೆಗೆ. "ಆ ಎದ್ದು ಹೋದೋನು ನಾನೇ ತಾಯಿ."

"ನಾನೂ," ಎಂದಳು ರಾಜಕುಮಾರಿ.

ರಾಜ ಬೀಗದಕೈ ತರಿಸಿ, ಏನು ಬೇಕೋ ಬೇಡು, ಅರ್ಧ ರಾಜ್ಯವಾದರೂ ಸರಿ ಎಂದ. ಮಾಳಿಂಗ ಮೊದಲು ಎಳೆದೊಯ್ದವರಿಬ್ಬರನ್ನು ಬಿಡಿಸಿದ. ಹೇನು ಎಂದದ್ದಕ್ಕೆಲ್ಲ ಶೂಲಕ್ಕೇರಿಸುವುದುಂಟೇ?

"ಆಮೇಲೆ ನನ್ನ ಓಲೇಲಿ ಒಂದು ಸಾಲು ಸೇರಿಸಿ, ಬುದ್ಧಿ. ಹಳೇದನ್ನ ಅಳಿಸ್ಬೇಡಿ, ರೋಗ ಬಂದಿದ್ದೂ ನಿಜ. ಹೋಯ್ತು ಅಂತಾನೂ ಬರೀರಿ. ಓಲೆ ಪ್ರತಿ ಹೋದ ಕಡೆಗೆಲ್ಲ ಆ ಸಾಲೂ ಹೋಗ್ಲಿ."

ವೈದ್ಯರ ಗುಂಪಿನಲ್ಲಿ ಗುಸುಗುಸು ಎದ್ದಿತು. ಮುಖ್ಯ ವೈದ್ಯ ಅಳಲೆಪಂಡಿತ ಮುಂದೆ ಬಂದ. "ಕಣ್ಣೆಸರಾದೀತಪ್ಪ. ಹೋದದ್ದು ಮತ್ತೆ ಬಂದರೆ?"

"ಬಂದ್ರೆ ನನಗೇ ಬರ್ಲಿ ಸ್ವಾಮಿ. ಈಗಿರೋದಕ್ಕಿಂತ ಹೆಚ್ಚಿಗೆ ಏನಾದೀತು? ನನ್ನದನ್ನೇ ಮೊದಲು ಬರೀರಿ."

ಮುದುಕ ಪಂಡಿತ ಓಲೆ ಕೊರೆಯುವ ಕಂಟ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ನಾಡಿ ನೋಡದೆ ಬರೆಯುವುದು ಶಾಸ್ತ್ರವಲ್ಲ. ಮಾಳಿಂಗನ ಹತ್ತಿರ ಕೂತು, ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿದ. ಹುಣ್ಣು ಎದ್ದ ಮೇಲೆ ಆ ಕೈಯನ್ನು ಹೀಗೆ ಹಿಡಿದವರು ಒಬ್ಬರೂ ಇರಲಿಲ್ಲ.

ರಾಜಕುಮಾರಿ ಪೀಠದಿಂದಿಳಿದು ಬಂದು, ಮುಂದಿನ ಸರದಿ ತನ್ನದೆಂಬಂತೆ ಪಕ್ಕದಲ್ಲಿ ಕೂತಳು.

"ಕುದುರೆ ಹಾಗೆ ಗಟ್ಟಿಯಾಗಿದೆಯಲ್ಲಯ್ಯ ನಾಡಿ," ಎಂದ ವೈದ್ಯ ಕಣ್ಣು ತೆರೆದು. "ಆಯಿತು, ಕೈ ತೆಗೆ. ಬರೆಯುತ್ತೇನೆ."

ಮಾಳಿಂಗ ಕೈ ತೆಗೆಯಲಿಲ್ಲ.

"ಇನ್ನೊಂದು ಗಳಿಗೆ ಹಿಡ್ಕೊಂಡಿರಿ ಸ್ವಾಮಿ," ಎಂದ. "ಬರೆಯೋದು ಆಮೇಲೂ ಆಗುತ್ತೆ."